ಆದೇಶ ಬಂತು, ಜಮೀನು ಬಂತಾ?

(ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತುಗಳ ಬರಹ ರೂಪ. ಎರಡೆರಡು ಸಲ ಬಂದ ಮಾತುಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಕೇಳಿದ ಮೂರು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜಮೀನಿನ ಕೇಸುಗಳನ್ನು ನಡೆಸುತ್ತಾ ನನಗೆ ಇಪ್ಪತ್ತೈದು ವರ್ಷ ಆಯಿತು. ಒಂದು ಬೆಳಗ್ಗೆ ಎ.ಸಿ. (ಉಪವಿಭಾಗಾಧಿಕಾರಿ) ಕಚೇರಿಯೊಂದರ ವರಾಂಡದಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಮಡಿಲಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್. ಅದರೊಳಗೆ ಗಂಡನ ಹೆಸರಿನ ಸಾಗುವಳಿ ಚೀಟಿ. ಮಡಿಕೆ ಮಡಿಕೆಯಲ್ಲೂ ಹರಿದಿತ್ತು, ಟೇಪ್ ಅಂಟಿಸಿದ್ದರು. ಜೊತೆಗೆ ಒಂದು ಹಳೇ ಪಹಣಿ, ಆರು ವರ್ಷದ ಹಿಂದಿನ ಒಂದು ಆದೇಶದ ನಕಲು. ತೆಗೆದು ಓದಿದೆ. ಆದೇಶ ಅವರ ಪರವಾಗಿಯೇ ಇತ್ತು. ಮಂಜೂರಾದ ಜಮೀನನ್ನು ಇವರಿಗೇ ವಾಪಸ್ ಕೊಡತಕ್ಕದ್ದು ಎಂದು ಸ್ಪಷ್ಟವಾಗಿ ಬರೆದಿತ್ತು.

"ಕೇಸು ಗೆದ್ದಿದ್ದೀರಲ್ಲ ಅಜ್ಜಿ, ಮತ್ಯಾಕೆ ಬಂದ್ರಿ?" ಅಂದೆ.

"ಗೆದ್ದಿವ್ನಂತೆ ಕಣಪ್ಪ. ಕಾಗ್ದ ಕೊಟ್ಟವ್ರೆ. ಭೂಮಿ ಮಾತ್ರ ಇನ್ನೂ ಅವ್ರ ಕೈಲೇ ಐತೆ" ಅಂದರು.

ಕಚೇರಿಯ ಲೆಕ್ಕದಲ್ಲಿ ಆ ಕಡತ ಎಂದೋ ವಿಲೇವಾರಿ ಆಗಿದೆ. ಆ ವರ್ಷ ಇಷ್ಟು ಕೇಸು ಮುಗಿಸಿದ್ದೇವೆ ಎಂದು ಮೇಲಕ್ಕೆ ಕಳಿಸಿದ ಪಟ್ಟಿಯಲ್ಲಿ ಇದೂ ಒಂದು. ಅಜ್ಜಿ ಮಾತ್ರ ಆರು ವರ್ಷದಿಂದ ಬಸ್ ಹತ್ತಿ ಬರುತ್ತಲೇ ಇದ್ದಾರೆ.

ಅವತ್ತಿನಿಂದ ನನಗೆ ಒಂದು ಅಭ್ಯಾಸ ಬಂತು. ಯಾವ ಸರ್ಕಾರವೇ ಆಗಲಿ, ಇಷ್ಟು ಸಾವಿರ ಜಮೀನು ಕೇಸು ಇತ್ಯರ್ಥ ಮಾಡಿದ್ದೇವೆ ಎಂದು ಹೇಳಿದರೆ, ಇತ್ಯರ್ಥ ಅಂದರೆ ಇಲ್ಲಿ ಏನು ಅಂತ ಮೊದಲು ಹುಡುಕುತ್ತೇನೆ. ಹೀಗೆ ಹುಡುಕುತ್ತಾ ಹೋದಾಗ ನನ್ನನ್ನು ಜಾಸ್ತಿ ಹಿಡಿದು ಕೂರಿಸಿದ್ದು ದಕ್ಷಿಣ ಆಫ್ರಿಕಾ. ಕಿತ್ತುಕೊಂಡ ನೆಲವನ್ನು ವಾಪಸ್ ಕೊಡುತ್ತೇವೆ ಎಂದು ಸಂವಿಧಾನದಲ್ಲೇ ಬರೆದುಕೊಂಡ ದೇಶ ಅದು. ಮೂವತ್ತು ವರ್ಷದಿಂದ ಅಲ್ಲಿನ ಸರ್ಕಾರ ವರ್ಷ ವರ್ಷ ಲೆಕ್ಕ ಕೊಡುತ್ತಿದೆ. ಆ ಲೆಕ್ಕದ ಒಳಗೆ ಏನಿದೆ ಎಂದು ಇವತ್ತು ನಿಮ್ಮ ಜೊತೆ ಕೂತು ನೋಡಬೇಕು ಅಂದುಕೊಂಡಿದ್ದೇನೆ.

ಮೊದಲು ಕಿತ್ತುಕೊಂಡ ಕತೆ. 1913ರ ಜೂನ್ 19ರಂದು ಅಲ್ಲಿ ‘ನೇಟಿವ್ಸ್ ಲ್ಯಾಂಡ್ ಆಕ್ಟ್’ ಎಂಬ ಕಾಯ್ದೆ ಜಾರಿಗೆ ಬಂತು. ಆಗ ದೇಶದ ಜನರಲ್ಲಿ ಮೂರರಲ್ಲಿ ಎರಡು ಪಾಲು ಕಪ್ಪು ಜನ. ಅವರು ನೆಲ ಕೊಳ್ಳಬಹುದಾದ ಜಾಗ ಇಡೀ ದೇಶದಲ್ಲಿ ಸುಮಾರು ಶೇ. 7 ಮಾತ್ರ ಎಂದು ಆ ಕಾಯ್ದೆ ಗೆರೆ ಎಳೆಯಿತು. 1936ರಲ್ಲಿ ಇನ್ನೊಂದು ಕಾಯ್ದೆ ತಂದು ಅದನ್ನು ಶೇ. 13ರ ಹತ್ತಿರಕ್ಕೆ ತಂದರು. ಅಲ್ಲಿಗೆ ನಿಲ್ಲಿಸಿದರು. ಬಿಳಿಯರ ಹೊಲಗಳಲ್ಲಿ ವಾರಕ್ಕೆ ಮಾಡುತ್ತಿದ್ದ ಕುಟುಂಬಗಳು ಸಾವಿರಾರು ಇದ್ದವು. ಬೆಳೆಯಲ್ಲಿ ಧಣಿಗೆ ಒಂದು ಪಾಲು, ತಮಗೆ ಒಂದು ಪಾಲು. ಇನ್ನು ಮೇಲೆ ಪಾಲು ಇಲ್ಲ, ಇರುವುದಾದರೆ ಕೂಲಿಯಾಗಿ ಇರು, ನಿನ್ನ ದನಗಳನ್ನೂ ನನ್ನ ಕೆಲಸಕ್ಕೆ ಬಿಡು ಎಂದರು. ಒಪ್ಪದವರು ದನ, ಕುರಿ, ಮಕ್ಕಳನ್ನು ಕಟ್ಟಿಕೊಂಡು ರಸ್ತೆಗೆ ಬಂದರು.

ಸಾಲ್ ಪ್ಲಾಟ್ಜೆ ಎಂಬ ಪತ್ರಕರ್ತ ಆ ಚಳಿಗಾಲದಲ್ಲಿ ಸೈಕಲ್ ಮೇಲೆ ಊರೂರು ಸುತ್ತಿ ಇದನ್ನು ಬರೆದಿಟ್ಟರು. ಅವರು ದಾಖಲಿಸಿದ ಒಂದು ಕುಟುಂಬದ ಕತೆ ನನಗೆ ಮರೆಯಲು ಆಗಿಲ್ಲ. ಹೊಲ ಬಿಟ್ಟು ಹೊರಟ ದಾರಿಯಲ್ಲೇ ಕೂಸು ತೀರಿಹೋಯಿತು. ಹೂಳಬೇಕು. ಆದರೆ ಎಲ್ಲಿ? ಸುತ್ತಲಿನ ನೆಲ ಎಲ್ಲ ಯಾರದೋ. ಕೊನೆಗೆ ರಾತ್ರಿ ಕತ್ತಲಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ, ಬೇರೆಯವರ ನೆಲದಲ್ಲಿ ಗುಂಡಿ ತೋಡಿ ಹೂತರು. ಹುಟ್ಟಿದ ದೇಶದಲ್ಲಿ ಒಂದು ಕೂಸಿನ ಅಳತೆಯ ನೆಲವೂ ಅವರದ್ದಾಗಿರಲಿಲ್ಲ.

1950ರಲ್ಲಿ ‘ಗ್ರೂಪ್ ಏರಿಯಾಸ್ ಆಕ್ಟ್’ ಬಂತು. ಇದು ಊರು, ಪೇಟೆಗಳಿಗೆ. ಯಾವ ಬೀದಿಯಲ್ಲಿ ಯಾವ ಬಣ್ಣದವರು ಇರಬೇಕು ಎಂದು ಸರ್ಕಾರ ನಕ್ಷೆಯಲ್ಲಿ ಬಣ್ಣ ತುಂಬಿತು. ಇದರಲ್ಲಿ ನಮ್ಮ ದೇಶದಿಂದ ಹೋದವರೂ ಸಿಕ್ಕಿಬಿದ್ದರು. ಡರ್ಬನ್ನಿನ ಕೇಟೊ ಮ್ಯಾನರ್ ಎಂಬ ಕಡೆ ಭಾರತೀಯ ಕುಟುಂಬಗಳು ತರಕಾರಿ ಬೆಳೆದುಕೊಂಡು, ಮನೆ, ಗುಡಿ ಕಟ್ಟಿಕೊಂಡು ಬದುಕಿದ್ದವು. ಅವರ ನೆಲದಲ್ಲೇ ಬಾಡಿಗೆಗೆ ಗುಡಿಸಲು ಹಾಕಿಕೊಂಡಿದ್ದ ಆಫ್ರಿಕನ್ನರೂ ಸಾವಿರಾರು. ಆ ಜಾಗ ಬಿಳಿಯರದು ಎಂದು ಘೋಷಣೆ ಆದಮೇಲೆ ಭಾರತೀಯರನ್ನು ಚ್ಯಾಟ್ಸ್‌ವರ್ತ್ ಕಡೆಗೂ, ಆಫ್ರಿಕನ್ನರನ್ನು ಕ್ವಾಮಾಶು, ಉಮ್ಲಾಜಿ ಕಡೆಗೂ ಸಾಗಿಸಿದರು. 1960ರಿಂದ 1983ರವರೆಗಿನ ವರ್ಷಗಳಲ್ಲೇ ದೇಶದಾದ್ಯಂತ ಹೀಗೆ ಎತ್ತಂಗಡಿ ಆದವರು ಸುಮಾರು 35 ಲಕ್ಷ ಜನ.

ಈಗ 1994ಕ್ಕೆ ಬರೋಣ. ಮಂಡೇಲಾ ಅಧ್ಯಕ್ಷರಾದ ವರ್ಷ. ಹೊಸ ಸಂಸತ್ತು ಮಾಡಿದ ಮೊದಮೊದಲ ಕಾಯ್ದೆಗಳಲ್ಲಿ ಒಂದು ಭೂಮಿಯ ಹಕ್ಕು ವಾಪಸ್ ಕೊಡುವ ಕಾಯ್ದೆ. ಕ್ಲೇಮುಗಳನ್ನು ನೋಡಲು ಒಂದು ಆಯೋಗ, ತೀರ್ಪು ಕೊಡಲು ಬೇರೆಯೇ ಒಂದು ಕೋರ್ಟು. 1913ರ ಜೂನ್ 19ರ ನಂತರ ಜನಾಂಗದ ಹೆಸರಲ್ಲಿ ತಾರತಮ್ಯ ಮಾಡಿದ ಕಾನೂನಿನಿಂದ ಭೂಮಿಯ ಹಕ್ಕು ಕಳೆದುಕೊಂಡ ಯಾರೇ ಆಗಲಿ, ಅವರ ಮಕ್ಕಳಾಗಲಿ, ಇಡೀ ಊರಾಗಲಿ ಕ್ಲೇಮು ಹಾಕಬಹುದು. ನೆಲವೇ ಬೇಕು ಅನ್ನಬಹುದು, ಬೇರೆ ಕಡೆ ನೆಲ ಕೇಳಬಹುದು, ಹಣ ಕೇಳಬಹುದು. ಬಾಡಿಗೆದಾರರಿಗೂ ಹಕ್ಕುಂಟು. ಈ ಕೊನೆಯ ಮಾತು ದೊಡ್ಡದು. ಹಕ್ಕು ಅಂದರೆ ಪತ್ರ ಇರುವವನದು ಮಾತ್ರ ಎಂದು ಆ ಕಾಯ್ದೆ ಹೇಳಲಿಲ್ಲ.

ಆದರೆ 1913ರ ಆ ತಾರೀಕಿನ ಹಿಂದೆ ಕಳೆದುಕೊಂಡವರು ಹೊರಗೇ ಉಳಿದರು. ಅದಕ್ಕೂ ಇನ್ನೂರೈವತ್ತು ವರ್ಷ ಹಿಂದಿನಿಂದ ನೆಲ ಕಳೆದುಕೊಳ್ಳುತ್ತಾ ಬಂದ ಅಲ್ಲಿನ ಮೂಲನಿವಾಸಿಗಳಾದ ಖೋಯ್ ಮತ್ತು ಸ್ಯಾನ್ ಜನರಿಗೆ ಈ ಬಾಗಿಲು ಬಹುಮಟ್ಟಿಗೆ ತೆರೆಯಲಿಲ್ಲ.

ಅರ್ಜಿ ಹಾಕಲು ಕೊನೇ ದಿನ 1998ರ ಡಿಸೆಂಬರ್ 31. ಸುಮಾರು 80 ಸಾವಿರ ಕ್ಲೇಮುಗಳು ಬಂದವು. ಹೆಚ್ಚಿನವು ಪೇಟೆಗಳಿಂದ: ಒಂದು ಮನೆ, ಒಂದು ಸೈಟು, ಒಂದು ಕುಟುಂಬ. ಹಳ್ಳಿಯವು ಕಡಿಮೆ, ಆದರೆ ಹಳ್ಳಿಯ ಒಂದೊಂದು ಅರ್ಜಿಯ ಹಿಂದೆ ಸಾವಿರಾರು ಜನ. ಊರಿನ ಹಿರಿಯ ಒಬ್ಬ ಒಂದು ಹಾಳೆ ಬರೆದು, ನಮ್ಮ ಇಡೀ ಕಣಿವೆ ನಮಗೆ ಬೇಕು ಎಂದು ಸಹಿ ಹಾಕಿದ್ದರೆ ಅದೂ ಒಂದು ಕ್ಲೇಮು.

ಮೊದಲ ಐದು ವರ್ಷದಲ್ಲಿ ಎಷ್ಟು ಮುಗಿದವು ಗೊತ್ತಾ? ನೂರು ಕೂಡ ಆಗಲಿಲ್ಲ. ಪ್ರತಿಯೊಂದೂ ಕೋರ್ಟಿನ ಮುಂದೆ ಹೋಗಬೇಕಿತ್ತು. ದಾಖಲೆ ಹುಡುಕಬೇಕು, ಸಾಕ್ಷಿ ಬೇಕು, ಈಗಿನ ಮಾಲೀಕನ ವಕೀಲ ಬೇರೆ. 1999ರಲ್ಲಿ ದಾರಿ ಬದಲಾಯಿತು. ತಕರಾರು ಇಲ್ಲದ ಕ್ಲೇಮುಗಳನ್ನು ಕೋರ್ಟಿಗೆ ಕಳಿಸದೆ, ಮಾತುಕತೆಯಲ್ಲೇ ಮುಗಿಸಿ ಮಂತ್ರಿಯ ಸಹಿ ಹಾಕಿದರೆ ಸಾಕು ಎಂದರು. ಪೇಟೆಯ ಮನೆಗಳಿಗೆ ಒಂದು ಸಿದ್ಧ ಮೊತ್ತ ಇಟ್ಟರು. ಅಷ್ಟು ಮಾಡಿದ್ದೇ ತಡ, ಐದಾರು ವರ್ಷದಲ್ಲಿ ಹತ್ತಾರು ಸಾವಿರ ಕ್ಲೇಮು ಇತ್ಯರ್ಥ. ಲೆಕ್ಕದ ಕಂಬ ಒಮ್ಮೆಗೇ ಮೇಲಕ್ಕೆ ಹೋಯಿತು. ಅಧ್ಯಕ್ಷ ಮ್ಬೆಕಿ 2005ರ ಒಳಗೆ ಎಲ್ಲ ಮುಗಿಸುತ್ತೇವೆ ಎಂದರು, ಆಮೇಲೆ 2008 ಎಂದರು. ಎರಡೂ ಆಗಲಿಲ್ಲ. ಸುಲಭದ್ದೆಲ್ಲ ಮುಗಿದು, ಕಷ್ಟದ್ದು ಬಾಕಿ ಉಳಿದಿತ್ತು.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಯಾಕಂದ್ರೆ ಲೆಕ್ಕದ ಗಂಟು ಇರುವುದು ಇಲ್ಲೇ.

ಇವತ್ತು ಆ ಆಯೋಗದ ಲೆಕ್ಕದಲ್ಲಿ ಇತ್ಯರ್ಥವಾದ ಕ್ಲೇಮುಗಳು 80 ಸಾವಿರ ದಾಟಿವೆ. ಬಂದಿದ್ದೇ ಸುಮಾರು 80 ಸಾವಿರ, ಹಾಗಾದ್ರೆ ಎಲ್ಲ ಮುಗಿದ ಹಾಗೆ ಅಲ್ವಾ? ಇಲ್ಲ. ಹಳೆಯ ಕ್ಲೇಮುಗಳೇ ಇನ್ನೂ ಸಾವಿರಾರು ಬಾಕಿ ಇವೆ. ಹೇಗೆ ಅಂದರೆ, ಒಂದೇ ಅರ್ಜಿಯಲ್ಲಿ ಹತ್ತು ಜಾಗ, ಐವತ್ತು ಕುಟುಂಬ ಇದ್ದರೆ ಅದನ್ನು ತುಂಡು ತುಂಡಾಗಿ ಮುಗಿಸುತ್ತಾರೆ. ಒಂದೊಂದು ತುಂಡೂ ಒಂದೊಂದು ಇತ್ಯರ್ಥ. ಹೀಗಾಗಿ ಮುಗಿದ ಲೆಕ್ಕ ಬೆಳೆಯುತ್ತದೆ, ಬಾಕಿಯ ಲೆಕ್ಕ ಅದೇ ವೇಗದಲ್ಲಿ ಕರಗುವುದಿಲ್ಲ.

ಎರಡನೆಯದು ಇನ್ನೂ ಮುಖ್ಯ. ಅಲ್ಲಿನ ಕಡತದಲ್ಲಿ ಎರಡು ಬೇರೆ ಬೇರೆ ಮಾತುಗಳಿವೆ. ಒಂದು ‘ಇತ್ಯರ್ಥ’: ಒಪ್ಪಂದಕ್ಕೆ ಸಹಿ ಬಿತ್ತು, ಅಥವಾ ಕೋರ್ಟು ಹೇಳಿತು. ಇನ್ನೊಂದು ‘ಪೂರ್ಣ’: ಕೊನೆಯ ಎಕರೆ ಹೆಸರಿಗೆ ಬಂತು, ಕೊನೆಯ ರಾಂಡ್ (ಅಲ್ಲಿನ ನಾಣ್ಯ) ಕೈಗೆ ಬಂತು. ಇವೆರಡರ ನಡುವೆ ಹತ್ತು ಹದಿನೈದು ವರ್ಷ ಹೋದ ಕ್ಲೇಮುಗಳಿವೆ. ಹಿಂದಿನ ಅಧ್ಯಕ್ಷ ಮೊಟ್ಲಾಂತೆ ಅವರ ನೇತೃತ್ವದಲ್ಲಿ ಸಂಸತ್ತು ಒಂದು ಉನ್ನತ ಸಮಿತಿ ಮಾಡಿತ್ತು. ಅದು 2017ರ ನವೆಂಬರಿನಲ್ಲಿ ವರದಿ ಕೊಟ್ಟಿತು. ಇತ್ಯರ್ಥವೇ ಆಗದ ಹಳೆಯ ಕ್ಲೇಮುಗಳು ಏಳು ಸಾವಿರಕ್ಕೂ ಜಾಸ್ತಿ. ಪೂರ್ಣ ಆಗದವು ಹತ್ತೊಂಬತ್ತು ಸಾವಿರಕ್ಕೂ ಜಾಸ್ತಿ. ಆಗಿನ ವೇಗ ವರ್ಷಕ್ಕೆ 560. ಆ ಲೆಕ್ಕದಲ್ಲಿ ಹಳೆಯವನ್ನು ಮುಗಿಸಲು ಕನಿಷ್ಠ 35 ವರ್ಷ ಬೇಕು ಎಂದು ಸಮಿತಿ ಹೇಳಿತು.

ನಮ್ಮ ವರಾಂಡದ ಅಜ್ಜಿಯ ಕಡತ ಇತ್ಯರ್ಥ. ಪೂರ್ಣ ಆಗಿಲ್ಲ. ನನಗೆ ಆ ವರದಿ ಓದುವಾಗ ಮೊದಲು ನೆನಪಾದದ್ದು ಅವರ ಪ್ಲಾಸ್ಟಿಕ್ ಕವರ್.

ಕೆಲವು ವರ್ಷದ ಹಿಂದೆ ಕೇಪ್ ಟೌನಿಗೆ ಹೋಗುವ ಅವಕಾಶ ಸಿಕ್ಕಿತು. ಅಲ್ಲಿ ‘ಡಿಸ್ಟ್ರಿಕ್ಟ್ ಸಿಕ್ಸ್’ ಎಂಬ ಬಡಾವಣೆ ಇತ್ತು. ಊರಿನ ಮಧ್ಯಕ್ಕೇ ಹತ್ತಿರ, ಬಂದರಿಗೆ ನಡೆದು ಹೋಗುವಷ್ಟು ದೂರ. ಬಿಡುಗಡೆಯಾದ ಗುಲಾಮರ ಮಕ್ಕಳು, ಮಲಯ ಮುಸ್ಲಿಮರು, ಭಾರತೀಯರು, ಖೋಸಾ ಜನ, ಯಹೂದಿಗಳು ಎಲ್ಲ ಒಟ್ಟಿಗೇ ಇದ್ದ ಜಾಗ. 1966ರ ಫೆಬ್ರವರಿ 11ರಂದು ಅದು ಬಿಳಿಯರ ಪ್ರದೇಶ ಎಂದು ಸರ್ಕಾರ ಘೋಷಿಸಿತು. ಮುಂದಿನ ಹದಿನೈದು ಚಿಲ್ಲರೆ ವರ್ಷಗಳಲ್ಲಿ 60 ಸಾವಿರಕ್ಕೂ ಹೆಚ್ಚು ಜನರನ್ನು ಎಬ್ಬಿಸಿ, ದೂರದ ಮರಳುಗಾಡಿನಂಥ ಕೇಪ್ ಫ್ಲ್ಯಾಟ್ಸ್‌ಗೆ ಸಾಗಿಸಿದರು. ಮನೆಗಳ ಮೇಲೆ ಬುಲ್ಡೋಜರ್ ಹರಿಸಿದರು. ಕೆಲವು ಚರ್ಚು, ಮಸೀದಿಗಳನ್ನು ಮಾತ್ರ ಬಿಟ್ಟರು. ಇಷ್ಟೆಲ್ಲ ಮಾಡಿಯೂ ಬಿಳಿಯರು ಅಲ್ಲಿಗೆ ಹೆಚ್ಚಾಗಿ ಬರಲೇ ಇಲ್ಲ. ಒಂದಷ್ಟು ಭಾಗದಲ್ಲಿ ಕಾಲೇಜು ಕಟ್ಟಿದರು, ಉಳಿದದ್ದು ದಶಕಗಟ್ಟಲೆ ಹುಲ್ಲು ಬೆಳೆದು ಖಾಲಿ ಬಿದ್ದಿತ್ತು.

ಹಳೆಯ ಮೆಥಡಿಸ್ಟ್ ಚರ್ಚೊಂದರಲ್ಲಿ ಈಗ ಅದರ ಮ್ಯೂಸಿಯಂ ಇದೆ. 1994ರ ಡಿಸೆಂಬರಿನಲ್ಲಿ ತೆರೆದದ್ದು. ಒಳಗೆ ಕಾಲಿಟ್ಟರೆ ನೆಲದ ತುಂಬ ಬಡಾವಣೆಯ ನಕ್ಷೆ. ಅಲ್ಲಿ ವಾಸ ಇದ್ದವರು ಬಂದು, ಮಂಡಿಯೂರಿ, ತಮ್ಮ ಮನೆ ಇದ್ದ ಜಾಗದಲ್ಲಿ ಹೆಸರು ಬರೆದಿದ್ದಾರೆ. ತಂದೆಯ ಹೆಸರು, ಮನೆ ನಂಬರು, ಅಂಗಡಿಯ ಹೆಸರು. ನಾನು ಆ ಹೆಸರುಗಳ ಮೇಲೆ ಕಾಲಿಡಲಾರದೆ ಗೋಡೆ ಪಕ್ಕದಲ್ಲೇ ನಡೆದೆ. ಮೇಲಿಂದ ಇಳಿಬಿಟ್ಟ ಹಳೆಯ ಬೀದಿ ಫಲಕಗಳಿವೆ. ಮನೆ ಕೆಡವುವ ಕೆಲಸದಲ್ಲಿದ್ದ ಬಿಳಿಯ ಮೇಸ್ತ್ರಿಯೊಬ್ಬ ಅವನ್ನು ಎಸೆಯದೆ ಮನೆಯಲ್ಲಿ ಇಟ್ಟುಕೊಂಡಿದ್ದನಂತೆ. ಬೀದಿಗಳು ಹೋದವು, ಬೀದಿಯ ಹೆಸರುಗಳು ಒಬ್ಬನ ಮನೆಯಲ್ಲಿ ಉಳಿದವು.

ಈ ಬಡಾವಣೆಯಿಂದ 1998ರ ಒಳಗೆ ಎರಡೂವರೆ ಸಾವಿರಕ್ಕೂ ಹೆಚ್ಚು ಕ್ಲೇಮು ಬಂದವು. ಅರ್ಧದಷ್ಟು ಜನ ಹಣ ತಗೊಂಡರು. ಬಾಡಿಗೆದಾರರಿಗೆ ಸಿಕ್ಕದ್ದು 17,500 ರಾಂಡ್. ಉಳಿದವರು ನಮಗೆ ಅಲ್ಲೇ ಮನೆ ಬೇಕು ಎಂದರು. 2004ರ ಫೆಬ್ರವರಿ 11ರಂದು, ಘೋಷಣೆಯಾಗಿ ಸರಿಯಾಗಿ 38 ವರ್ಷಕ್ಕೆ, ಮೊದಲು ವಾಪಸಾದ ಇಬ್ಬರಿಗೆ ಮಂಡೇಲಾ ಕೈಯಾರೆ ಬೀಗದ ಕೈ ಕೊಟ್ಟರು. ಒಬ್ಬರಿಗೆ 87 ವರ್ಷ, ಇನ್ನೊಬ್ಬರಿಗೆ 82. ಆ ಫೋಟೋ ನೋಡಿದರೆ ಎಲ್ಲ ಮುಗಿಯಿತು ಅನಿಸುತ್ತದೆ. ಆದರೆ ಆಮೇಲಿನ ಹತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಎದ್ದದ್ದು ಒಟ್ಟು 139 ಮನೆ ಮಾತ್ರ. 2018ರಲ್ಲಿ ಕಾದು ಸಾಕಾದವರು ಸರ್ಕಾರವನ್ನೇ ಕೋರ್ಟಿಗೆ ಎಳೆದರು. ಯಾವಾಗ, ಎಷ್ಟು ಮನೆ, ಯಾವ ದುಡ್ಡಿನಲ್ಲಿ ಎಂದು ಯೋಜನೆ ಬರೆದು ಕೊಡಿ ಎಂದು ಕೋರ್ಟು ಹೇಳಬೇಕಾಯಿತು. ಇನ್ನೂ 108 ಮನೆಗಳು 2021ರಿಂದ ಕೈಸೇರತೊಡಗಿದವು. ಅಷ್ಟರಲ್ಲಿ ಅರ್ಜಿ ಹಾಕಿದ ಎಷ್ಟೋ ಹಿರಿಯರು ಕೇಪ್ ಫ್ಲ್ಯಾಟ್ಸ್‌ನಲ್ಲೇ ತೀರಿಕೊಂಡಿದ್ದರು.

ಖಾಲಿ ಬಿದ್ದ ಜಾಗ. ಮಾಲೀಕ ಬಹುಪಾಲು ಸರ್ಕಾರವೇ. ಯಾರು ಎಲ್ಲಿದ್ದರು ಎಂಬುದಕ್ಕೆ ನೆಲದ ಮೇಲೆ ಬರೆದ ನಕ್ಷೆ. ಇಷ್ಟು ಇದ್ದೂ ಇಷ್ಟು ತಡ. ಇನ್ನು ಬೇರೆಯವರ ಹೆಸರಲ್ಲಿರುವ ಹೊಲ, ತೋಟಗಳ ಗತಿ ಏನು ಯೋಚನೆ ಮಾಡಿ.

ಗೆದ್ದ ಕತೆಗಳೂ ಇವೆ, ಅವನ್ನು ಬಿಟ್ಟರೆ ಅನ್ಯಾಯ ಆಗುತ್ತದೆ. ಕ್ರೂಗರ್ ರಾಷ್ಟ್ರೀಯ ಉದ್ಯಾನದ ಉತ್ತರದ ತುದಿಯಲ್ಲಿ ಪಫುರಿ ಎಂಬ ಮೂಲೆ ಇದೆ. ಲಿಂಪೊಪೊ ಮತ್ತು ಲುವುವ್ಹು ಹೊಳೆಗಳ ಮಧ್ಯೆ. ಅಲ್ಲಿ ಮಕುಲೆಕೆ ಜನ ಇದ್ದರು. 1969ರಲ್ಲಿ ಬಂದೂಕು ತೋರಿಸಿ ಸುಮಾರು 3 ಸಾವಿರ ಜನರನ್ನು ಎಬ್ಬಿಸಿದರು. ಅವರ ಗುಡಿಸಲುಗಳಿಗೆ ಅವರ ಕೈಯಿಂದಲೇ ಬೆಂಕಿ ಹಾಕಿಸಿದರು. ಆ ಕಾಡನ್ನು ಕ್ರೂಗರ್‌ಗೆ ಸೇರಿಸಿಕೊಂಡರು. 1995ರಲ್ಲಿ ಕ್ಲೇಮು ಹಾಕಿದರು, 1998ರಲ್ಲಿ 20 ಸಾವಿರ ಹೆಕ್ಟೇರಿಗೂ ಜಾಸ್ತಿ ನೆಲ ಅವರ ಹೆಸರಿಗೆ ವಾಪಸ್ ಬಂತು. ಮೂರೇ ವರ್ಷ. ಆದರೆ ಅವರು ಒಂದು ಮಾತಿಗೆ ಒಪ್ಪಿದರು: ನಾವು ಅಲ್ಲಿ ವಾಸಕ್ಕೆ ಹೋಗುವುದಿಲ್ಲ, ಗಣಿ ತೆಗೆಯುವುದಿಲ್ಲ, ಕಾಡು ಕಾಡಾಗಿಯೇ ಇರಲಿ. 50 ವರ್ಷದ ಒಪ್ಪಂದ. ಉದ್ಯಾನದವರ ಜೊತೆ ಸೇರಿ ಆಡಳಿತ, ಪ್ರವಾಸಿಗರ ಲಾಡ್ಜ್‌ಗಳಿಂದ ಆದಾಯ, ಊರಿನ ಮಕ್ಕಳಿಗೆ ಅಲ್ಲಿ ಕೆಲಸ.

ಇದನ್ನು ಓದುವಾಗ ನಾಗರಹೊಳೆಯ ಜೇನು ಕುರುಬರು ನೆನಪಿಗೆ ಬರದೇ ಇರುತ್ತಾರಾ? ಅಲ್ಲಿಯೂ ಕಾಡಿನಿಂದ ಹೊರಗೆ ಬಂದವರು 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ ಕಾಯುತ್ತಿದ್ದಾರೆ. ಮಕುಲೆಕೆಯವರ ದಾರಿಯೇ ಎಲ್ಲರಿಗೂ ಸರಿ ಎಂದು ನಾನು ಹೇಳುವುದಿಲ್ಲ. ನೆಲದ ಒಡೆತನ ನಿಮ್ಮದು ಎಂದು ಮೊದಲು ಒಪ್ಪಿ, ಆಮೇಲೆ ಕೂತು ಮಾತಾಡಿದರು, ಅದು ನನಗೆ ಹಿಡಿಸಿತು.

ಇನ್ನೊಂದು ರಿಕ್ಟರ್ಸ್‌ವೆಲ್ಡ್. ವಾಯವ್ಯದ ಒಣ ನೆಲ, 1920ರ ದಶಕದಲ್ಲಿ ವಜ್ರ ಸಿಕ್ಕಿತು, ಜನರನ್ನು ಆಚೆ ತಳ್ಳಿದರು. ನಮ್ಮ ಹಿರಿಯರ ರೂಢಿಯ ಕಾನೂನಿನಂತೆ ಈ ನೆಲ ನಮ್ಮದು ಎಂದು ಅವರು ಕೇಸು ಹಾಕಿದರು. ಎದುರಾಳಿ ಯಾರು ಗೊತ್ತಾ, ಸರ್ಕಾರದ್ದೇ ಗಣಿ ಕಂಪನಿ ಅಲೆಕ್ಸ್‌ಕೋರ್. 2003ರಲ್ಲಿ ಸಂವಿಧಾನ ನ್ಯಾಯಾಲಯ ನೆಲವಷ್ಟೇ ಅಲ್ಲ, ಒಳಗಿನ ಖನಿಜವೂ ಈ ಜನರದ್ದಾಗಿತ್ತು ಎಂದು ಹೇಳಿತು. ಪತ್ರವೇ ಇಲ್ಲದ ಒಡೆತನವನ್ನು ಕೋರ್ಟು ಒಪ್ಪಿದ ಆ ತೀರ್ಪನ್ನು ಕಾನೂನು ಓದುವ ಮಕ್ಕಳು ಒಮ್ಮೆ ಓದಲೇಬೇಕು.

ತಡ ಯಾಕೆ ಆಗುತ್ತದೆ? ಅಧಿಕಾರಿಗಳು ಕೆಲಸ ಮಾಡಲ್ಲ ಅಂತ ಸುಮ್ನೆ ಹೇಳಿಬಿಡುವುದು ಸುಲಭ. ಅದೂ ಇದೆ, ಲಂಚವೂ ಇದೆ. ಆದರೆ ಕೆಲಸವೇ ಗಂಟು ಗಂಟಾಗಿದೆ. 1998ರಲ್ಲಿ ಕೈಯಲ್ಲಿ ಬರೆದ ಅರ್ಜಿಯಲ್ಲಿ ಜಾಗದ ಹೆಸರು ಜನ ಕರೆಯುತ್ತಿದ್ದ ಹೆಸರು. ನೋಂದಣಿಯಲ್ಲಿ ಇರುವುದು ಬಿಳಿಯ ಮಾಲೀಕ ಇಟ್ಟ ಹೆಸರು. ಗಡಿ ಯಾವುದು? ಹುಣಸೆ ಮರದಿಂದ ಹಳ್ಳದವರೆಗೆ ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಹಾಗೆ ಅಲ್ಲಿಯೂ ಹಿರಿಯರು ಸಮಾಧಿ ತೋರಿಸಿ ಹೇಳುತ್ತಾರೆ. ಸಮಾಧಿ ಇದ್ದ ಕಡೆ ಈಗ ಮಾವಿನ ತೋಟ. ಒಂದೇ ನೆಲದ ಮೇಲೆ ಎರಡು ಊರಿನವರ ಕ್ಲೇಮು. ವಾರಸುದಾರರ ಪಟ್ಟಿ ಮಾಡಬೇಕು, ಅಷ್ಟರಲ್ಲಿ ಒಬ್ಬರು ಸತ್ತು ಆರು ಮಕ್ಕಳು ಸೇರುತ್ತಾರೆ. ಮಾಲೀಕ ಬೆಲೆ ಒಪ್ಪಬೇಕು. ಕ್ರೂಗರ್ ಉದ್ಯಾನದ ಪಕ್ಕದ ಮಲಮಲ ಎಂಬ ಒಂದೇ ಖಾಸಗಿ ಸಫಾರಿ ಕಾಡಿಗೆ 2013ರಲ್ಲಿ ಸರ್ಕಾರ ಸುಮಾರು 110 ಕೋಟಿ ರಾಂಡ್ ಕೊಟ್ಟು ಕೊಂಡಿತು. ಭೂಮಿ ವಾಪಸಾತಿಗೆ ಇಡುವ ಹಣವೋ, ದೇಶದ ಬಜೆಟ್ಟಿನಲ್ಲಿ ಶೇ. 1 ಕೂಡ ಇಲ್ಲ. ನನ್ನ ಮಟ್ಟಿಗೆ ಮುಖ್ಯ ಕಾರಣ ಇದೇ. ಮನಸ್ಸಿದ್ದರೆ ಅದು ಬಜೆಟ್ಟಿನಲ್ಲಿ ಕಾಣಬೇಕು.

ನೆಲ ಸಿಕ್ಕಿದ ಮೇಲೂ ಕತೆ ಮುಗಿಯಲ್ಲ. ಊರಿನವರು ಸೇರಿ ಒಂದು ಸಂಘ ಮಾಡಿ, ಆ ಸಂಘದ ಹೆಸರಿಗೆ ಜಮೀನು ತಗೊಳ್ಳಬೇಕು. 1996ರಲ್ಲಿ ಅದಕ್ಕೇ ಕಾಯ್ದೆ ಮಾಡಿದರು. ಎಷ್ಟೋ ಕಡೆ ಸಂಘದೊಳಗೆ ನಾಲ್ಕು ಜನರ ಕೈ ಮೇಲಾಯಿತು, ಲೆಕ್ಕ ಬರೆಯಲಿಲ್ಲ, ಜಗಳ ಕೋರ್ಟಿಗೆ ಹೋಯಿತು. ಚೆನ್ನಾಗಿ ನಡೆಯುತ್ತಿದ್ದ ಹಣ್ಣಿನ ತೋಟ ಕೈಗೆ ಬಂದಾಗ ಪಂಪು ಇಲ್ಲ, ಟ್ರ್ಯಾಕ್ಟರ್ ಇಲ್ಲ, ಸಾಲ ಕೊಡುವವರಿಲ್ಲ. ಎರಡು ವರ್ಷದಲ್ಲಿ ತೋಟ ಒಣಗಿತು. ನೋಡಿ, ಇವರಿಗೆ ಕೊಟ್ಟರೆ ಹೀಗೇ ಎಂದು ಮಾತಾಡಿಕೊಂಡರು. ಬರಿಗೈಯವನಿಗೆ ತೋಟ ಕೊಟ್ಟು ನೀರು ಕೊಡದೆ ಇದ್ದದ್ದು ಯಾರ ತಪ್ಪು?

2014ರಲ್ಲಿ ಇನ್ನೊಂದು ದೊಡ್ಡ ತಿರುವು. 1998ರ ಗಡುವು ತಪ್ಪಿಸಿಕೊಂಡವರಿಗೆ 2019ರವರೆಗೆ ಮತ್ತೆ ಅರ್ಜಿ ಹಾಕಲು ಅವಕಾಶ ಕೊಟ್ಟು ಕಾಯ್ದೆ ತಿದ್ದಿದರು. ಜನ ಮುಗಿಬಿದ್ದರು. ಎರಡು ವರ್ಷದಲ್ಲಿ 1.6 ಲಕ್ಷಕ್ಕೂ ಹೆಚ್ಚು ಹೊಸ ಅರ್ಜಿ. ಇದರಿಂದ ಆತಂಕ ಆದದ್ದು ಬಿಳಿಯ ಮಾಲೀಕರಿಗೆ ಮಾತ್ರ ಅಂದುಕೊಳ್ಳಬೇಡಿ. ಹದಿನಾರು ವರ್ಷದಿಂದ ಸಾಲಿನಲ್ಲಿ ನಿಂತಿದ್ದ ಹಳೆಯ ಅರ್ಜಿದಾರರೇ ಕೋರ್ಟಿಗೆ ಹೋದರು. ನಮ್ಮದು ಮುಗಿಯುವ ಮೊದಲು ಅದೇ ನೆಲದ ಮೇಲೆ ಹೊಸಬರು ಬಂದರೆ ನಮ್ಮ ಗತಿ ಏನು ಎಂದರು. 2016ರ ಜುಲೈ 28ರಂದು ಸಂವಿಧಾನ ನ್ಯಾಯಾಲಯ ಆ ತಿದ್ದುಪಡಿಯನ್ನು ರದ್ದು ಮಾಡಿತು. ಕಾಯ್ದೆ ಮಾಡುವಾಗ ಜನರ ಅಭಿಪ್ರಾಯವನ್ನು ಸರಿಯಾಗಿ ಕೇಳಿಲ್ಲ, ಅವಸರ ಮಾಡಿದ್ದೀರಿ ಎಂಬುದು ಕಾರಣ. ಬಂದ ಹೊಸ ಅರ್ಜಿಗಳನ್ನು ಎಸೆಯಬೇಡಿ, ಆದರೆ ಹಳೆಯದು ಮುಗಿಯುವವರೆಗೆ ಮುಟ್ಟಬೇಡಿ ಎಂದಿತು.

ಹೊಲದಲ್ಲಿ ದುಡಿಯುವ ಒಕ್ಕಲುಗಳ ಇನ್ನೊಂದು ಗುಂಪಿನ ಅರ್ಜಿಗಳ ವಿಷಯದಲ್ಲಂತೂ, 2019ರ ಆಗಸ್ಟಿನಲ್ಲಿ ಅದೇ ನ್ಯಾಯಾಲಯ ಸರ್ಕಾರದ ಕೈಗೆ ಕೆಲಸ ಬಿಟ್ಟರೆ ಆಗಲ್ಲ ಎಂದು ಕೋರ್ಟಿನ ಪರವಾಗಿ ನೋಡಿಕೊಳ್ಳಲು ಒಬ್ಬ ವಿಶೇಷ ಅಧಿಕಾರಿಯ ನೇಮಕಕ್ಕೆ ಒಪ್ಪಿಗೆ ಕೊಟ್ಟಿತು. ಈಚೆಗೆ, 2024ರಲ್ಲಿ, ಹಳೆಯ ಭೂ ಕೋರ್ಟಿನ ಜಾಗದಲ್ಲಿ ಕಾಯಂ ನ್ಯಾಯಾಧೀಶರಿರುವ ಹೊಸ ಭೂ ನ್ಯಾಯಾಲಯ ಬಂದಿದೆ. ಒಳ್ಳೆಯದು.

ನಮ್ಮಲ್ಲಿಯೂ ಇಂಥದೇ ಒಂದು ಕಾಯ್ದೆ ಇದೆ ಎಂಬುದು ಈ ಊರಿನವರಿಗೆ ಹೇಳಬೇಕಾಗಿಲ್ಲ. 1978ರ ಪಿ.ಟಿ.ಸಿ.ಎಲ್. ಕಾಯ್ದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಷರತ್ತು ಮೀರಿ ಪರಭಾರೆ ಆಗಿದ್ದರೆ ವಾಪಸ್ ಕೊಡಿಸುವ ಕಾಯ್ದೆ. 2017ರಲ್ಲಿ ಸುಪ್ರೀಂ ಕೋರ್ಟು ಅರ್ಜಿಯನ್ನು ಸಕಾಲದಲ್ಲಿ ಹಾಕಬೇಕಿತ್ತು ಎಂದಮೇಲೆ ಎಷ್ಟೋ ಬಡವರ ಅರ್ಜಿ ತಡ ಎಂಬ ಒಂದೇ ಕಾರಣಕ್ಕೆ ಬಿದ್ದುಹೋಯಿತು. 2023ರಲ್ಲಿ ಕಾಯ್ದೆ ತಿದ್ದಿ, ಇದಕ್ಕೆ ಕಾಲಮಿತಿ ಇಲ್ಲ ಎಂದರು. ಇಲ್ಲಿಯೂ ನಾನು ಕೇಳುವುದು ಅದೇ. ಎಷ್ಟು ಆದೇಶ ಆಯಿತು ಎನ್ನುವ ಪಟ್ಟಿಯ ಪಕ್ಕದಲ್ಲಿ ಎಷ್ಟು ಸ್ವಾಧೀನ ಕೊಟ್ಟಿರಿ ಎನ್ನುವ ಇನ್ನೊಂದು ಕಾಲಂ ಹಾಕಿ.

ಇಷ್ಟು ಹೇಳಿ ಮಾತು ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು ಬಂದವು.

ಮೇಷ್ಟರೊಬ್ಬರು ಕೇಳಿದರು: "ಡಿಸ್ಟ್ರಿಕ್ಟ್ ಸಿಕ್ಸ್‌ನಲ್ಲಿ ಅರ್ಧದಷ್ಟು ಜನ ದುಡ್ಡೇ ತಗೊಂಡರು ಅಂದ್ರಿ. ಹಾಗಾದ್ರೆ ಅವರಿಗೆ ಭೂಮಿ ಬೇಡವಾಗಿತ್ತು ಅಂತ ಅಲ್ವಾ ಸಾರ್?" ಅಲ್ಲಿನ ಕೆಲವು ಮಂತ್ರಿಗಳೂ ಇದೇ ಮಾತು ಹೇಳಿದ್ದುಂಟು. ನಾನು ಹೇಳಿದ್ದು ಇಷ್ಟು. ನಿಮಗೆ ಎಪ್ಪತ್ತೈದು ವರ್ಷ. ಮನೆ ಇದ್ದ ಜಾಗದಲ್ಲಿ ಈಗ ರಸ್ತೆ ಇದೆ. ನೆಲ ಬೇಕು ಅಂದರೆ ಇನ್ನು ಹದಿನೈದು ವರ್ಷ, ದುಡ್ಡು ಅಂದರೆ ಈ ವರ್ಷವೇ ಎನ್ನುತ್ತಾರೆ. ಮೊಮ್ಮಗಳ ಫೀಸು ಕಟ್ಟಬೇಕು. ಸಹಿ ಹಾಕುತ್ತೀರಿ. ಅದು ತಪ್ಪಲ್ಲ. ಆದರೆ ಅದನ್ನು ಭೂಮಿ ಬೇಡ ಎಂಬ ಆಯ್ಕೆ ಎಂದು ಕರೆಯಬಾರದು.

ಹಿಂದಿನ ಸಾಲಿನಿಂದ ಒಬ್ಬ ಕಾಲೇಜು ಹುಡುಗಿ: "ಹೊಸ ಅರ್ಜಿ ಹಾಕಿದ ಒಂದೂವರೆ ಲಕ್ಷ ಜನರದ್ದು ಯಾವಾಗ ಮುಗಿಯುತ್ತೆ?" ಅದೇ ಮೊಟ್ಲಾಂತೆ ಸಮಿತಿ ಲೆಕ್ಕ ಹಾಕಿದೆ ಎಂದೆ. ಅವತ್ತಿನ ವೇಗದಲ್ಲಿ 143 ವರ್ಷ. ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ನಾನೇ ಹೇಳಿದೆ: ಆ ವೇಗ ದೇವರು ಬರೆದದ್ದಲ್ಲ ಕಣಮ್ಮ. ಐದು ವರ್ಷದಲ್ಲಿ ನೂರೂ ಮುಗಿಸದ ಆಯೋಗ, ವಿಧಾನ ಬದಲಾಯಿಸಿದ ಮೇಲೆ ಹತ್ತಾರು ಸಾವಿರ ಮುಗಿಸಿತು. ಜನ, ಹಣ, ಸರಿಯಾದ ದಾಖಲೆ ಕೊಟ್ಟರೆ 143 ಇಪ್ಪತ್ತಕ್ಕೆ ಇಳಿಯಬಹುದು. ಅದು ಸರ್ಕಾರ ಪ್ರತಿ ಬಜೆಟ್ಟಿನಲ್ಲಿ ಮಾಡುವ ತೀರ್ಮಾನ.

ಕೊನೆಗೆ ಗ್ರಂಥಾಲಯದ ಬಾಗಿಲು ಹಾಕಲು ಕಾಯುತ್ತಿದ್ದ ಮೇಡಂ ಕೇಳಿದರು: "ಆ ಅಜ್ಜಿಗೆ ಜಮೀನು ಸಿಕ್ತಾ?"

ಅರ್ಧ ಸಿಕ್ಕಿತು. ಎರಡು ಎಕರೆಯಲ್ಲಿ ಒಂದು ಎಕರೆ ನಾಲ್ಕು ಗುಂಟೆ. ಸರ್ವೆಯವರು ಬಂದು ಅಳೆದು ಕಲ್ಲು ನೆಟ್ಟರು, ಮಹಜರು ಬರೆದರು. ಅಜ್ಜಿ ಹೆಬ್ಬೆಟ್ಟು ಒತ್ತಿ, ಆ ಕಲ್ಲಿನ ಪಕ್ಕದಲ್ಲೇ ಕೂತರು. ಬಿಸಿಲು ಇಳಿಯುವವರೆಗೂ ಏಳಲಿಲ್ಲ. ಮೊಮ್ಮಗ ಎರಡು ಸಲ ಕರೆದ. "ನೀ ಹೋಗು, ನಾ ಬತ್ತೀನಿ" ಅಂದರು. ಉಳಿದ ಮೂವತ್ತಾರು ಗುಂಟೆಗೆ ತಡೆಯಾಜ್ಞೆ ಇದೆ. ಮುಂದಿನ ತಾರೀಕು ಬರುವ ತಿಂಗಳು.